ಸಿಪಿಯು ಬರೀ 11%, ಆದರೂ ಟಿಕ್

ಮೂರು ವಾರ ನನ್ನ ತಲೆ ತಿಂದದ್ದು ಒಂದು ಸಣ್ಣ ಟಿಕ್ ಶಬ್ದ. ಎಷ್ಟು ಸಣ್ಣದು ಅಂದರೆ ಪಕ್ಕದಲ್ಲಿ ಕೂತವರು ‘ಎಲ್ಲಿ? ನನಗೇನೂ ಕೇಳಿಸಲಿಲ್ವಲ್ಲ’ ಅನ್ನುತ್ತಿದ್ದರು. ಆದರೆ ಒಮ್ಮೆ ಕಿವಿಗೆ ಬಿದ್ದ ಮೇಲೆ ಮುಗಿಯಿತು. ಸಂಗೀತ ಕೇಳೋದು ಬಿಟ್ಟು ಟಿಕ್ಕಿಗಾಗಿ ಕಾಯುತ್ತಾ ಕೂರುತ್ತಿದ್ದೆ. ಹತ್ತು ನಿಮಿಷ ಏನೂ ಇರುತ್ತಿರಲಿಲ್ಲ. ಸದ್ಯ, ಸರಿ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಟಿಕ್.

ಮೆಷಿನ್ ಮೇಲೆ ಎಷ್ಟು ಹೊರೆ ಇದೆ ಅಂತ ತೋರಿಸುವ ಎಚ್‌ಟಾಪ್ ತೆಗೆದು ನೋಡಿದರೆ ಸಿಪಿಯು 11%. ಮೆಮೊರಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಮೆಷಿನ್ ಕಾಲು ಚಾಚಿಕೊಂಡು ಆರಾಮಾಗಿ ಮಲಗಿದೆ, ಆದರೂ ಶಬ್ದ ಒಡೆಯುತ್ತಿದೆ.

ಮೊದಲು ನನ್ನ ಸೆಟಪ್ ಏನು ಅಂತ ಹೇಳಿಬಿಡುತ್ತೇನೆ. ಕೋಣೆಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್. ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಏನಿದ್ದರೂ ಎಸ್‌ಎಸ್‌ಎಚ್ ಮೂಲಕ, ಅಂದರೆ ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗಿ. ಅದಕ್ಕೊಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಮುಂದೆ ಕಾರ್ಡ್ ಅಂದರೆ ಇದೇ. ಮೇಲೆ ಲಿನಕ್ಸ್, ಅದರ ಮೇಲೆ ಪೈಪ್‌ವೈರ್ ಸೌಂಡ್ ಸರ್ವರ್. ಅದರಲ್ಲಿ ಓಡೋದು ನಾಲ್ಕೇ ನಾಲ್ಕು. ಪಿಯಾನೋ ಥರದ ಮಿಡಿ ಕೀಬೋರ್ಡಿಗೆ ದನಿ ಕೊಡೋಕೆ ಫ್ಲೂಯಿಡ್‌ಸಿಂತ್. ಮೈಕಿಗೆ ರಿವರ್ಬ್, ಈಕ್ವಲೈಜರ್ ಹಾಕೋಕೆ ಕಾರ್ಲಾ. ಎಲ್ಲವನ್ನೂ ಫೈಲಿಗೆ ಇಳಿಸುವ ಒಂದು ರೆಕಾರ್ಡರ್. ನಾಲ್ಕನೆಯದು ನಾನೇ ಪೈಥಾನಿನಲ್ಲಿ ಬರೆದ ಒಂದು ಲೆವೆಲ್ ಮೀಟರ್. ದನಿ ಎಷ್ಟು ಜೋರಾಗಿದೆ ಅಂತ ಅಳೆಯುತ್ತದೆ, ತೀರಾ ಜಾಸ್ತಿಯಾದರೆ ಸ್ವಲ್ಪ ತಗ್ಗಿಸಿ ಮುಂದೆ ಕಳಿಸುತ್ತದೆ. ಅದಕ್ಕೇ ಅದನ್ನು ಕಾರ್ಲಾಕ್ಕೂ ಸ್ಪೀಕರಿಗೆ ಹೋಗುವ ಔಟ್‌ಪುಟ್ಟಿಗೂ ನಡುವೆ ಇಟ್ಟಿದ್ದೆ. ಈ ‘ನಡುವೆ’ ಅನ್ನೋದು ಮುಂದೆ ಬರುತ್ತದೆ, ನೆನಪಿರಲಿ.

ಸೌಂಡ್ ಸರ್ವರ್ ಯಾಕೆ ಬೇಕು ಅನ್ನೋದು ಹೊಸಬರಿಗೆ ಬರುವ ಮೊದಲ ಪ್ರಶ್ನೆ. ಲಿನಕ್ಸ್ ಕರ್ನಲ್ಲಿನ ಆಲ್ಸಾ ಹಾರ್ಡ್‌ವೇರ್ ಜೊತೆ ಮಾತಾಡುತ್ತದೆ, ಆದರೆ ಒಂದು ಪ್ರೋಗ್ರಾಮ್ ನೇರವಾಗಿ ಕಾರ್ಡ್ ಹಿಡಿದುಕೊಂಡರೆ ಉಳಿದವು ಬಾಗಿಲಲ್ಲೇ ನಿಲ್ಲಬೇಕು. ಪ್ರೋಗ್ರಾಮಿನಿಂದ ಪ್ರೋಗ್ರಾಮಿಗೆ ಶಬ್ದ ಸಾಗಿಸಬೇಕು, ಅದೂ ತಡ ಇಲ್ಲದೆ, ಅನ್ನೋ ಸಂಗೀತದವರ ಬೇಡಿಕೆಗೆ ಪಾಲ್ ಡೇವಿಸ್ ಜ್ಯಾಕ್ ಬರೆದರು. ಆರ್ಡರ್ (Ardour) ಎಂಬ ರೆಕಾರ್ಡಿಂಗ್ ತಂತ್ರಾಂಶ ಬರೆದವರೂ ಅವರೇ. ಇನ್ನೊಂದು ಕಡೆ ಸಾಮಾನ್ಯ ಡೆಸ್ಕ್‌ಟಾಪಿಗೆ ಅಂತ 2004ರಲ್ಲಿ ಲೆನಾರ್ಟ್ ಪಾಟರಿಂಗ್ ಶುರು ಮಾಡಿದ್ದು ಪಲ್ಸ್‌ಆಡಿಯೋ, ಆಗ ಅದರ ಹೆಸರು ಪಾಲಿಪ್‌ಆಡಿಯೋ. ಎರಡನ್ನೂ ಒಂದೇ ಮೆಷಿನ್ನಲ್ಲಿ ಇಟ್ಟುಕೊಂಡು ಏಗಿದವರಿಗೆ ಮಾತ್ರ ಗೊತ್ತು ಆ ಪಾಡು. ಜ್ಯಾಕ್ ಶುರು ಮಾಡಿದರೆ ಬ್ರೌಸರ್ ಮೂಕ, ಬ್ರೌಸರಿಗೆ ದನಿ ಬಂದರೆ ಜ್ಯಾಕ್ ಮುನಿಸು. ರೆಡ್ ಹ್ಯಾಟ್‌ನ ವಿಮ್ ಟೇಮನ್ಸ್ ಬರೆದ ಪೈಪ್‌ವೈರ್ 2017ರಲ್ಲಿ ಫೆಡೋರಾ 27ರ ಜೊತೆ ಬಂದಾಗ ವಿಡಿಯೋ ಕೆಲಸಕ್ಕಷ್ಟೇ ಇತ್ತು. 2021ರಲ್ಲಿ ಫೆಡೋರಾ 34ರಲ್ಲಿ ಆಡಿಯೋ ಹೊಣೆಯನ್ನೂ ಹೊತ್ತುಕೊಂಡಿತು. 1.0 ಆವೃತ್ತಿ ಬಂದದ್ದು 2023ರ ನವೆಂಬರಿನಲ್ಲಿ. ಜ್ಯಾಕ್ ಪ್ರೋಗ್ರಾಮ್ ಬಂದರೆ ಜ್ಯಾಕ್ ಭಾಷೆ ಮಾತಾಡುತ್ತದೆ, ಪಲ್ಸ್ ಪ್ರೋಗ್ರಾಮ್ ಬಂದರೆ ಪಲ್ಸ್ ಭಾಷೆ. ಇಬ್ಬರಿಗೂ ಒಂದೇ ಮನೆಯಲ್ಲಿ ಜಾಗ.

ಈಗ ಟಿಕ್ಕಿಗೆ ಬರೋಣ.

ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಒಂದೊಂದು ಅಳತೆ) ಅಂತ ಇಟ್ಟುಕೊಂಡು, ಬಫರನ್ನು, ಅಂದರೆ ಒಂದು ಸಲಕ್ಕೆ ಸಾಗಿಸುವ ಸ್ಯಾಂಪಲ್ ಕಂತೆಯನ್ನು, 256ಕ್ಕೆ ಇಟ್ಟರೆ, ಸರ್ವರ್ 5.33 ಮಿಲಿಸೆಕೆಂಡಿಗೊಮ್ಮೆ ಒಂದು ಸುತ್ತು ಹಾಕುತ್ತದೆ. ಈ ಬಫರ್ ಅಳತೆಗೆ ಪೈಪ್‌ವೈರಿನವರು ಕ್ವಾಂಟಮ್ ಅನ್ನುತ್ತಾರೆ. ಒಂದು ಸುತ್ತಿನಲ್ಲಿ ಏನಾಗುತ್ತದೆ ಅಂದರೆ, ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುತ್ತಾರಲ್ಲ, ಹಾಗೆ. ಮೈಕಿನಿಂದ ಬಂದದ್ದು ಕಾರ್ಲಾಕ್ಕೆ, ಕಾರ್ಲಾದಿಂದ ಮೀಟರಿಗೆ, ಮೀಟರಿನಿಂದ ಕಾರ್ಡಿಗೆ. ಎಲ್ಲರದೂ ಸೇರಿ 5.33 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಸಾಲಿನಲ್ಲಿ ಒಬ್ಬ ತಲೆ ಕೆರೆದುಕೊಳ್ಳುತ್ತಾ ನಿಂತರೂ ಸಾಕು, ಕೊನೆಯವನ ಕೈ ಖಾಲಿ. ಕಾರ್ಡಿಗೆ ನುಡಿಸೋಕೆ ಏನೂ ಇಲ್ಲ. ಇದಕ್ಕೆ ಎಕ್ಸ್‌ರನ್ ಅಂತ ಹೆಸರು. ನಮ್ಮ ಕಿವಿಗೆ ಅದು ಟಿಕ್.

ಇಲ್ಲೇ ಎಚ್‌ಟಾಪ್ ಕೈಕೊಡೋದು. ಅದು ತೋರಿಸೋದು ಸರಾಸರಿ. ಒಂದು ಸೆಕೆಂಡಿನಲ್ಲಿ ಸುಮಾರು 187 ಸುತ್ತು ಇರುತ್ತವೆ. ಅದರಲ್ಲಿ ಒಂದು ಸುತ್ತಿನಲ್ಲಿ ಯಾರೋ 6 ಮಿಲಿಸೆಕೆಂಡ್ ನಿಂತುಬಿಟ್ಟರು ಅನ್ನಿ, ಆ ಸೆಕೆಂಡಿನ ಲೆಕ್ಕದಲ್ಲಿ ಅದು 0.6%. ಕಣ್ಣಿಗೇ ಬೀಳಲ್ಲ. ಇನ್ನೊಂದು ಲೆಕ್ಕ ನೋಡಿ: ಗಂಟೆಗೆ 6,75,000 ಸುತ್ತು. ಅದರಲ್ಲಿ ಏಳೇ ಏಳು ತಪ್ಪಿದರೂ 99.999% ಸರಿ ಅಂತ ಆಯಿತು. ಬೇರೆ ಯಾವ ಸರ್ವರಿಗಾದರೂ ಈ ಅಂಕ ಬಂದರೆ ಹಾರ ಹಾಕಿ ಮೆರವಣಿಗೆ ಮಾಡಬಹುದು. ಆಡಿಯೋದಲ್ಲಿ ಅದು ಗಂಟೆಗೆ ಏಳು ಟಿಕ್, ರೆಕಾರ್ಡಿಂಗ್ ಎಸೆಯಬೇಕು.

ಇದೆಲ್ಲ ಗೊತ್ತಿದ್ದೂ ನಾನು ಮೊದಲ ವಾರ ಮಾಡಿದ್ದು ಎಲ್ಲರೂ ಮಾಡೋದನ್ನೇ. ಕೇಬಲ್ ಬದಲಾಯಿಸಿದೆ. ಯುಎಸ್‌ಬಿ ಪೋರ್ಟ್ ಬದಲಾಯಿಸಿದೆ. ಸಿಪಿಯು ವೇಗ ನಿರ್ಧರಿಸುವ ಗವರ್ನರ್ ಪವರ್‌ಸೇವ್‌ನಲ್ಲಿತ್ತು, ಪರ್ಫಾರ್ಮೆನ್ಸ್‌ಗೆ ತಂದೆ. ಇದು ಸುಮ್ನೆ ಮಾಡಿದ್ದಲ್ಲ, ಇದರಲ್ಲಿ ಅರ್ಥ ಇದೆ: ಕೆಲಸ ಕಡಿಮೆ ಇದೆ ಅಂತ ಪ್ರೊಸೆಸರ್ ತನ್ನ ವೇಗ ಇಳಿಸಿಕೊಂಡು ತೂಕಡಿಸುತ್ತಿರುತ್ತದೆ, ಸುತ್ತು ಬಂದಾಗ ಎದ್ದು ಮೈಮುರಿಯುವಷ್ಟರಲ್ಲಿ ಗಡುವು ಹತ್ತಿರ ಬಂದಿರುತ್ತದೆ. ಕೆಲವರ ಮೆಷಿನ್ನಲ್ಲಿ ಲೋಡ್ ಜಾಸ್ತಿ ಮಾಡಿದಾಗ ಟಿಕ್ ಕಡಿಮೆಯಾಗುವ ವಿಚಿತ್ರಕ್ಕೆ ಇದೇ ಕಾರಣ. ನನ್ನಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ.

ಆಮೇಲೆ ರಿಯಲ್‌ಟೈಮ್ ಆದ್ಯತೆ. ಪೈಪ್‌ವೈರಿನೊಳಗೆ ಆಡಿಯೋ ಕೆಲಸ ಮಾಡುವ ಎಳೆಗೆ, ಅಂದರೆ ಥ್ರೆಡ್ಡಿಗೆ, ‘ನೀನು ಮೊದಲು, ಉಳಿದವರೆಲ್ಲ ಆಮೇಲೆ’ ಅನ್ನುವ ಅಧಿಕಾರ ಸಿಕ್ಕಿದೆಯಾ ಅಂತ ನೋಡಬೇಕು. ಪಿಎಸ್ ಕಮಾಂಡಿಗೆ ಥ್ರೆಡ್‌ಗಳನ್ನು, ಅವುಗಳ ಆದ್ಯತೆಯನ್ನು ತೋರಿಸು ಅಂದರೆ ಡೇಟಾ-ಲೂಪ್ ಅನ್ನೋ ಹೆಸರಿನ ಥ್ರೆಡ್ ಕಾಣುತ್ತದೆ. ಬಳಕೆದಾರರಿಗೆ ಲಿಮಿಟ್ಸ್ ಫೈಲಿನಲ್ಲಿ ಅನುಮತಿ ಇದ್ದರೆ ಅದು 88ರ ಆದ್ಯತೆ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಇಂಥ ಆದ್ಯತೆ ಹಂಚುವ ಆರ್‌ಟಿಕಿಟ್ ಎಂಬ ಸೇವೆಯನ್ನು ಕೇಳಿಕೊಳ್ಳುತ್ತದೆ, ಅದು ಕೊಡೋದು ಸಾಮಾನ್ಯವಾಗಿ 20ರವರೆಗೆ ಮಾತ್ರ. ನನ್ನದು 88 ಇತ್ತು. ಅಂದರೆ ಇಲ್ಲೂ ತಪ್ಪಿಲ್ಲ.

ಕೊನೆಗೆ ಬಫರ್ ದೊಡ್ಡದು ಮಾಡಿದೆ, 256ರಿಂದ 1024ಕ್ಕೆ. ಪಿಡಬ್ಲ್ಯೂ-ಮೆಟಾಡೇಟಾ ಕಮಾಂಡಿನಲ್ಲಿ ಕ್ಲಾಕ್.ಫೋರ್ಸ್-ಕ್ವಾಂಟಮ್ ಅಂತ ಕೊಟ್ಟರೆ ಓಡುತ್ತಿರುವಾಗಲೇ ಬದಲಾಗುತ್ತದೆ, ಏನನ್ನೂ ನಿಲ್ಲಿಸಬೇಕಿಲ್ಲ. ಸೊನ್ನೆ ಕೊಟ್ಟರೆ ಮೊದಲಿನಂತೆ. ಜ್ಯಾಕ್ ಕಾಲದಲ್ಲಿ ಇಂಥದ್ದಕ್ಕೆ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ ಅಭ್ಯಾಸ ಆಗಿದ್ದ ನನಗೆ ಇದೊಂದು ಈಗಲೂ ಖುಷಿ ಕೊಡುತ್ತದೆ. 1024 ಅಂದರೆ 21.3 ಮಿಲಿಸೆಕೆಂಡ್. ಶಬ್ದ ಒಂದು ಮೀಟರ್ ಸಾಗೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು, ಅಂದರೆ ಒಂದು ಬಫರಿನ ಲೆಕ್ಕಕ್ಕೇ ಸ್ಪೀಕರನ್ನು ಏಳು ಮೀಟರ್ ದೂರ ಇಟ್ಟಂತೆ. ಕೀಬೋರ್ಡ್ ನುಡಿಸುವಾಗ ಬೆರಳು ಒಂದು ಕಡೆ, ದನಿ ಇನ್ನೊಂದು ಕಡೆ. ಆದರೂ ಬೆಳಗ್ಗೆಯೆಲ್ಲ ಒಂದೂ ಟಿಕ್ ಇಲ್ಲ! ಗೆದ್ದೆ ಅಂದುಕೊಂಡೆ.

ಸಂಜೆಗೆ ಮತ್ತೆ ಬಂತು.

ಆಗ ಸಿಟ್ಟು ಬಂತು, ನಿಜ, ಆದರೆ ಒಂದು ಸುಳಿವೂ ಸಿಕ್ಕಿತು. ಬೆಳಗ್ಗೆ ಇಲ್ಲ, ಸಂಜೆ ಇದೆ. ಮೆಷಿನ್ ಬೆಳಗ್ಗೆ ಹೊಸದಾಗಿ ಶುರುವಾಗಿರುತ್ತದೆ. ಏನೋ ಒಂದು ದಿನವಿಡೀ ಬೆಳೆಯುತ್ತಾ ಹೋಗುತ್ತಿದೆ.

ಅಷ್ಟು ದಿನ ಪಿಡಬ್ಲ್ಯೂ-ಟಾಪ್ ತೆರೆದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಇದು ಪೈಪ್‌ವೈರ್ ಜೊತೆಗೇ ಬರುತ್ತದೆ, ಟಾಪ್ ಥರಾನೇ, ಆದರೆ ಆಡಿಯೋ ಸುತ್ತಿನ ಲೆಕ್ಕ ತೋರಿಸುತ್ತದೆ. ಮೇಲೊಂದು ಡ್ರೈವರ್ ಸಾಲು, ನನ್ನಲ್ಲಿ ಅದು ಯುಎಸ್‌ಬಿ ಕಾರ್ಡ್, ತಾಳ ಹಾಕೋದು ಅದೇ. ಅದರ ಕೆಳಗೆ ಪ್ಲಸ್ ಗುರುತು ಹಾಕಿಕೊಂಡು ಹಿಂಬಾಲಕರು. ವೇಟ್ (wait), ಬಿಸಿ (busy) ಅಂತ ಎರಡು ಕಾಲಂ ಇವೆ. ಹಿಂಬಾಲಕರ ಸಾಲಿನಲ್ಲಿ ವೇಟ್ ಅಂದರೆ ‘ನಿನ್ನ ಸರದಿ ಬಂತು’ ಅಂದ ಮೇಲೆ ಕೆಲಸ ಶುರು ಮಾಡೋಕೆ ಹಿಡಿದ ಹೊತ್ತು, ಬಿಸಿ ಅಂದರೆ ಕೆಲಸಕ್ಕೆ ಹಿಡಿದ ಹೊತ್ತು. ಡ್ರೈವರ್ ಸಾಲಿನಲ್ಲಿ ಮಾತ್ರ ವೇಟ್‌ಗೆ ಬೇರೆ ಅರ್ಥ, ಅಲ್ಲಿ ಅದು ಇಡೀ ಸುತ್ತು ಮುಗಿಯೋಕೆ ಹಿಡಿದ ಹೊತ್ತು. ಇದು ಗೊತ್ತಿಲ್ಲದೆ ನಾನು ಮೊದಮೊದಲು ‘ಅಯ್ಯೋ, ಕಾರ್ಡೇ ಇಷ್ಟು ಕಾಯುತ್ತಿದೆಯಲ್ಲ’ ಅಂತ ಗಾಬರಿ ಬಿದ್ದಿದ್ದೆ. 256ರಲ್ಲಿ ನನ್ನ ಡ್ರೈವರಿನ ವೇಟ್ 1.3 ಮಿಲಿಸೆಕೆಂಡ್ ಆಸುಪಾಸು ಇರುತ್ತಿತ್ತು, 5.33ರ ಕಾಲು ಭಾಗವೂ ಇಲ್ಲ. ನೋಡೋಕೆ ಎಲ್ಲ ಸುಖವಾಗಿದೆ.

ತೊಂದರೆ ಏನಂದರೆ, ಆ ಅಂಕಿಗಳು ಪರದೆಯ ಮೇಲೆ ಸೆಕೆಂಡಿಗೊಮ್ಮೆ ಬದಲಾಗುತ್ತವೆ, ಕಾಣೋದು ಆ ಗಳಿಗೆಯ ಒಂದು ಸುತ್ತಿನ ಲೆಕ್ಕ. ಕೆಟ್ಟ ಸುತ್ತು ಅದೇ ಗಳಿಗೆಗೆ ಬೀಳಬೇಕಲ್ಲ! ನಂಬಬೇಕಾದ್ದು ಪಕ್ಕದ ಎರ್ (ERR) ಅನ್ನೋ ಕಾಲಂ. ಅದು ತಪ್ಪುಗಳನ್ನು ಕೂಡಿಸುತ್ತಾ ಹೋಗುತ್ತದೆ, ಅಳಿಸಲ್ಲ. ಡ್ರೈವರ್ ಸಾಲಿನಲ್ಲಿ ಎರ್ ಏರಿದರೆ ಸುತ್ತು ಗಡುವಿನೊಳಗೆ ಮುಗಿಯಲಿಲ್ಲ ಅಂತ. ಹಿಂಬಾಲಕನ ಸಾಲಿನಲ್ಲೂ ಏರಿದರೆ, ಅವನು ಕೆಲಸ ಶುರು ಮಾಡಿದ ಆದರೆ ಹೊತ್ತಿಗೆ ಮುಗಿಸಲಿಲ್ಲ ಅಂತ. ಡ್ರೈವರಿನದು ಮಾತ್ರ ಏರಿ, ಉಳಿದವರದೆಲ್ಲ ಸೊನ್ನೆ ಇದ್ದರೆ, ಪ್ರೋಗ್ರಾಮುಗಳನ್ನು ಬಿಟ್ಟು ಕರ್ನಲ್, ಯುಎಸ್‌ಬಿ ಕಡೆ ತಿರುಗಬೇಕು.

ಪರದೆ ನೋಡುತ್ತಾ ಕೂರೋದು ಬಿಟ್ಟೆ. ಪಿಡಬ್ಲ್ಯೂ-ಟಾಪಿಗೆ ಬ್ಯಾಚ್ ಮೋಡ್ ಇದೆ, ಬಿ ಅನ್ನೋ ಆಯ್ಕೆ ಕೊಟ್ಟರೆ ಸಾಲು ಸಾಲಾಗಿ ಬರೆಯುತ್ತಾ ಹೋಗುತ್ತದೆ. ಅದಕ್ಕೆ ಗಂಟೆ ನಿಮಿಷ ಸೆಕೆಂಡ್ ಸೇರಿಸಿ, ಎರ್ ಬದಲಾದಾಗ ಮಾತ್ರ ಒಂದು ಸಾಲು ಫೈಲಿಗೆ ಹೋಗುವಂತೆ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು ಬಿಟ್ಟೆ. ಮರುದಿನ ರಾತ್ರಿ ಫೈಲ್ ತೆರೆದೆ.

6 ಗಂಟೆ 41 ನಿಮಿಷ 17 ಸೆಕೆಂಡ್. 6 ಗಂಟೆ 42 ನಿಮಿಷ 17 ಸೆಕೆಂಡ್. 6 ಗಂಟೆ 43 ನಿಮಿಷ 17 ಸೆಕೆಂಡ್. 6 ಗಂಟೆ 44 ನಿಮಿಷ 18 ಸೆಕೆಂಡ್.

ನಾನು ‘ಯಾವಾಗಲೋ ಒಮ್ಮೆ’ ಬರುತ್ತದೆ ಅಂದುಕೊಂಡಿದ್ದ ಟಿಕ್ ಗಡಿಯಾರ ಹಿಡಿದುಕೊಂಡು ಬರುತ್ತಿತ್ತು! ಕಿವಿಗೆ ಮಾತ್ರ ಹಾಗೆ ಅನಿಸಿರಲಿಲ್ಲ, ಯಾಕಂದರೆ ದನಿ ಇಲ್ಲದ ಹೊತ್ತಿನಲ್ಲಿ ಎಕ್ಸ್‌ರನ್ ಬಂದರೆ ಕೇಳಿಸೋದೇ ಇಲ್ಲ. ಮೌನದ ನಡುವೆ ಒಂದು ತುಂಡು ಮೌನ ಕಳೆದುಹೋದರೆ ಯಾರಿಗೆ ಗೊತ್ತಾಗುತ್ತದೆ. ನುಡಿಸುವಾಗ, ಅದೂ ಒಂದು ಸ್ವರ ಉದ್ದಕ್ಕೆ ಹಿಡಿದಿರುವಾಗ ಬಿದ್ದರೆ ಮಾತ್ರ ಟಿಕ್.

ನಿಮಿಷಕ್ಕೊಮ್ಮೆ ಅಂದ ಕೂಡಲೇ, ಹೊತ್ತು ನೋಡಿ ಕೆಲಸ ಶುರು ಮಾಡಿಸುವ ಕ್ರಾನ್ ಮೇಲೆ ಅನುಮಾನ. ಆದರೆ ಕ್ರಾನ್ ಸೊನ್ನೆ ಸೆಕೆಂಡಿಗೆ ಏಳುತ್ತದೆ, 17ಕ್ಕಲ್ಲ. 17ನೇ ಸೆಕೆಂಡಿಗೆ ಶುರುವಾಗಿ, 60 ಸೆಕೆಂಡ್ ಮಲಗಿ, ಎದ್ದು, ಮತ್ತೆ ಮಲಗುವ ಏನೋ ಒಂದು. ಅಷ್ಟು ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಕಲಸಿದಂತಾಯಿತು. ಹಾಗೆ ಬರೆದ ಪ್ರೋಗ್ರಾಮ್ ಆ ಮೆಷಿನ್ನಲ್ಲಿ ಇದ್ದದ್ದು ಒಂದೇ. ಫೈಲಿನಲ್ಲಿ ಆ ಸಾಲಿನ ಪೂರ್ತಿ ನೋಡಿದೆ. ಫ್ಲೂಯಿಡ್‌ಸಿಂತ್ ಎರ್ 0. ಕಾರ್ಲಾ ಎರ್ 0. ರೆಕಾರ್ಡರ್ ಎರ್ 0. ನನ್ನ ಮೀಟರ್ ಎರ್ 63.

ಬೇಲಿಯೇ ಎದ್ದು ಹೊಲ ಮೇಯ್ದಂತೆ. ಶಬ್ದ ಸರಿಯಾಗಿದೆಯಾ ಅಂತ ನೋಡೋಕೆ ಇಟ್ಟ ಮೀಟರೇ ಶಬ್ದ ಕೆಡಿಸುತ್ತಿತ್ತು.

ಆಗಿದ್ದು ಇಷ್ಟು. ಮೀಟರಿನಲ್ಲಿ ಎರಡು ಥ್ರೆಡ್. ಒಂದು ಆಡಿಯೋ ಸುತ್ತಿನಲ್ಲಿ ಪಾಲುಗೊಳ್ಳೋದು. ಇನ್ನೊಂದು ನಿಮಿಷಕ್ಕೊಮ್ಮೆ ಎದ್ದು, ಬೆಳಗ್ಗೆಯಿಂದ ಅಳೆದದ್ದನ್ನೆಲ್ಲ ಜೇಸನ್ (JSON) ಎಂಬ ಪಠ್ಯ ರೂಪಕ್ಕೆ ತಂದು ಫೈಲಿಗೆ ಬರೆಯೋದು. ಎಲ್ಲವನ್ನೂ, ಪ್ರತಿ ಸಲವೂ. ಯಾಕೆ ಹಾಗೆ ಬರೆದೆ ಅಂತ ಕೇಳಬೇಡಿ, ಭಾನುವಾರ ಮಧ್ಯಾಹ್ನ ಬರೆದದ್ದು. ಪೈಥಾನಿನಲ್ಲಿ ಜಿಲ್ (GIL) ಅಂತ ಒಂದು ಬೀಗ ಇದೆ, ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಬಹುದು. ಬೀಗ ಹಿಡಿದವನಿಗೆ ‘ಸಾಕು, ಬಿಡು’ ಅಂತ ಹೇಳೋಕೆ ಮುಂಚೆ ಅದು ಕೊಡುವ ಸಾಮಾನ್ಯ ಅವಧಿ 5 ಮಿಲಿಸೆಕೆಂಡ್. ನನ್ನ ಗಡುವೇ 5.33! ಅದರ ಮೇಲೆ, ದೊಡ್ಡ ಲಿಸ್ಟನ್ನು ಜೇಸನ್ ಮಾಡುವ ಕೆಲಸ ಒಳಗೆ ಸಿ ಕೋಡಿನಲ್ಲಿ ಒಂದೇ ಉಸಿರಿಗೆ ನಡೆಯುತ್ತದೆ, ಮುಗಿಯುವವರೆಗೆ ಬೀಗ ಬಿಡಲ್ಲ. ಬೆಳಗ್ಗೆ ಲಿಸ್ಟ್ ಚಿಕ್ಕದು, ಏನೂ ಗೊತ್ತಾಗಲ್ಲ. ಸಂಜೆಗೆ ಅದು ಬೆಳೆದು 1024ರ 21 ಮಿಲಿಸೆಕೆಂಡನ್ನೂ ನುಂಗುತ್ತಿತ್ತು.

ನನಗೆ ಪಾಠ ಅನ್ನಿಸಿದ್ದು ಆದ್ಯತೆಯ ವಿಷಯ. ಆಡಿಯೋ ಥ್ರೆಡ್ಡಿಗೆ ಎಷ್ಟೇ ದೊಡ್ಡ ಆದ್ಯತೆ ಕೊಟ್ಟಿದ್ದರೂ, ಬೀಗದ ಕೈ ಇನ್ನೊಬ್ಬನ ಜೇಬಿನಲ್ಲಿದ್ದರೆ ರಾಜನೂ ಬಾಗಿಲ ಮುಂದೆ ನಿಲ್ಲಬೇಕು. ಇದೇನು ಹೊಸ ತೊಂದರೆ ಅಲ್ಲ. 1997ರಲ್ಲಿ ಮಂಗಳದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಪದೇ ಪದೇ ರೀಸೆಟ್ ಆಗಿದ್ದೂ ಇದೇ ಜಾತಿಯ ಗೊಂದಲದಿಂದ: ಮುಖ್ಯ ಕೆಲಸವೊಂದು, ಕಡಿಮೆ ಆದ್ಯತೆಯ ಕೆಲಸ ಹಿಡಿದುಕೊಂಡಿದ್ದ ಬೀಗಕ್ಕೆ ಕಾಯುತ್ತಾ ನಿಂತಿತ್ತು. ಅವರು ಭೂಮಿಯಿಂದ ಮಂಗಳಕ್ಕೆ ಸರಿಪಡಿಸಿ ಕಳಿಸಿದರು. ನನ್ನದು ಕೋಣೆಯ ಮೂಲೆಯಲ್ಲಿತ್ತು, ನನಗೆ ಮೂರು ವಾರ ಬೇಕಾಯಿತು.

ಸರಿಪಡಿಸಿದ್ದು ಅರ್ಧ ಗಂಟೆಯಲ್ಲಿ. ತಗ್ಗಿಸುವ ಕೆಲಸವನ್ನು ಕಾರ್ಲಾದೊಳಗೆ ಒಂದು ಲಿಮಿಟರ್ ಪ್ಲಗಿನ್ನಿಗೆ ಕೊಟ್ಟೆ, ಅಂಥವನ್ನು ಬರೆಯುವವರು ಆಡಿಯೋ ಥ್ರೆಡ್ಡಿನಲ್ಲಿ ಬೀಗ ಹಾಕಬಾರದು, ಮೆಮೊರಿ ಕೇಳಬಾರದು, ಫೈಲ್ ಮುಟ್ಟಬಾರದು ಅನ್ನೋದನ್ನು ಅರಿತು ಬರೆದಿರುತ್ತಾರೆ. ಮೀಟರನ್ನು ಸಾಲಿನಿಂದ ಆಚೆ ತಂದೆ. ಈಗ ಅದು ಪಲ್ಸ್ ಕಡೆಯ ಪ್ಯಾರೆಕ್ ಕಮಾಂಡಿನಿಂದ, ಔಟ್‌ಪುಟ್ಟಿಗೆ ಹೋಗುವ ದನಿಯ ನಕಲು ಕೊಡುವ ಮಾನಿಟರ್ ಸೋರ್ಸ್ ಹಿಡಿದು, ಪೈಪಿನಲ್ಲಿ ಬಂದದ್ದನ್ನು ಓದಿಕೊಳ್ಳುತ್ತದೆ. ಅದು ತಡ ಮಾಡಿದರೆ ಅದರ ಪಾಲಿನ ದನಿ ಹಾಳಾಗುತ್ತದೆ ಅಷ್ಟೇ, ಸುತ್ತು ಅದಕ್ಕಾಗಿ ಕಾಯಲ್ಲ. ಜೇಸನ್ ಕೂಡ ಈಗ ಹೊಸ ಸಾಲನ್ನಷ್ಟೇ ಸೇರಿಸುತ್ತದೆ, ನಾಚಿಕೆಯಾಗಿ ಅದನ್ನೂ ಬದಲಾಯಿಸಿದೆ.

ಇದೇ ಭರದಲ್ಲಿ ಓಡಿಸುವ ಕಡೆಯದನ್ನೂ ಸ್ವಲ್ಪ ಚೊಕ್ಕ ಮಾಡಿದೆ. ಪರದೆ ಇಲ್ಲದ ಮೆಷಿನ್ನಲ್ಲಿ ಪೈಪ್‌ವೈರ್ ಬಳಕೆದಾರನ ಸೇವೆಯಾಗಿ ಓಡುತ್ತದೆ, ಹಾಗಾಗಿ ಎಸ್‌ಎಸ್‌ಎಚ್ ಮುಚ್ಚಿದರೆ ಎಲ್ಲವೂ ಮುಚ್ಚಿಕೊಳ್ಳಬಹುದು. ಲಾಗಿನ್‌ಸಿಟಿಎಲ್‌ನಲ್ಲಿ ಲಿಂಗರ್ ಆನ್ ಮಾಡಿದರೆ ಲಾಗಿನ್ ಇಲ್ಲದಿದ್ದರೂ ಓಡುತ್ತಿರುತ್ತದೆ. ನಾಲ್ಕೂ ಪ್ರೋಗ್ರಾಮಿಗೆ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ಒಂದೊಂದು ಯೂನಿಟ್, ಬಿದ್ದರೆ ತಾನೇ ಏಳುವ ಹಾಗೆ. ಯಾರನ್ನು ಯಾರಿಗೆ ಜೋಡಿಸಬೇಕು ಅನ್ನೋದು ಪಿಡಬ್ಲ್ಯೂ-ಲಿಂಕ್ ಸ್ಕ್ರಿಪ್ಟಿನಲ್ಲಿ, ಅದೂ ಹೆಸರು ಹಿಡಿದು. ಐಡಿ ನಂಬರ್ ಹಿಡಿದು ಬರೆದರೆ ಮುಂದಿನ ಸಲ ಶುರುವಾದಾಗ ಆ ನಂಬರ್ ಇನ್ಯಾರದೋ ಆಗಿರುತ್ತದೆ. ಆಲ್ಸಾ ಕಾರ್ಡಿನ ನಂಬರ್ ಕಥೆಯೂ ಅದೇ. ಒಂದು ದಿನ ಎಚ್‌ಡಿಎಂಐ ಮೊದಲು ಎದ್ದರೆ ಅದೇ ಸೊನ್ನೆ, ಆ ದಿನ ಸ್ಪೀಕರ್ ಮೂಕ. ನಾವು ಕೇಳಿದ ಸ್ಯಾಂಪಲ್ ವೇಗ, ಬಫರ್ ಒಂದು, ಕಾರ್ಡ್ ನಿಜಕ್ಕೂ ಓಡುತ್ತಿರೋದು ಇನ್ನೊಂದು ಅನ್ನೋ ಅನುಮಾನ ಬಂದರೆ ಪ್ರಾಕ್ ಕೆಳಗಿನ ಅಸೌಂಡ್ ಫೋಲ್ಡರಿನಲ್ಲಿ ಎಚ್‌ಡಬ್ಲ್ಯೂ-ಪ್ಯಾರಮ್ಸ್ ಅನ್ನೋ ಫೈಲ್ ಓದಿ, ಅಲ್ಲಿ ಸುಳ್ಳು ಇರಲ್ಲ.

ಎಕ್ಸ್‌ರನ್ ಹುಡುಕೋಕೆ ಹಾಡು ಹಾಕಿಕೊಂಡು ಕೂರೋದನ್ನೂ ಬಿಟ್ಟಿದ್ದೇನೆ. 440 ಹರ್ಟ್ಜ್‌ನ ಬರೀ ಒಂದು ಸೈನ್ ದನಿ ಬಿಟ್ಟರೆ ಸಾಕು. ತಬಲಾ, ಡ್ರಮ್ ಇರುವ ಕಡೆ ಟಿಕ್ ಮುಚ್ಚಿಹೋಗುತ್ತದೆ, ಸೈನಿನಲ್ಲಿ ಒಂದು ಸ್ಯಾಂಪಲ್ ಆಚೀಚೆ ಆದರೂ ಬಿಳಿ ಬಟ್ಟೆ ಮೇಲೆ ಮಸಿ ಬಿದ್ದಂತೆ ಎದ್ದು ಕಾಣುತ್ತದೆ. ಮನೆಯವರ ತಾಳ್ಮೆ ನೋಡಿಕೊಂಡು ಹೆಡ್‌ಫೋನಿನಲ್ಲಿ ಮಾಡಿ.

ಆ ನಾಲ್ಕು ಸಾಲಿನ ಸ್ಕ್ರಿಪ್ಟ್ ಮಾತ್ರ ಹಾಗೇ ಓಡುತ್ತಿದೆ. ಬಫರ್ ಮತ್ತೆ 256ಕ್ಕೆ ಬಂದಿದೆ, 128 ಕೂಡ ಒಂದು ಸಂಜೆ ಓಡಿಸಿ ನೋಡಿದೆ. ಕಳೆದ ಒಂಬತ್ತು ದಿನದಲ್ಲಿ ಫೈಲಿಗೆ ಸೇರಿದ್ದು ಒಂದೇ ಸಾಲು. ಡ್ರೈವರಿನ ಎರ್ ಒಂದು ಏರಿದೆ, ಹಿಂಬಾಲಕರದೆಲ್ಲ ಸೊನ್ನೆ. ಹೊತ್ತು ನೋಡಿದೆ, ರಾತ್ರಿ 10 ಗಂಟೆ 5 ನಿಮಿಷ. ರೆಕಾರ್ಡಿಂಗ್ ನಕಲು ಮಾಡಿಕೊಳ್ಳೋಣ ಅಂತ ನಾನು ಅದೇ ಯುಎಸ್‌ಬಿ ಹಬ್ಬಿಗೆ ಪೆನ್‌ಡ್ರೈವ್ ಚುಚ್ಚಿದ್ದೆ.